ಮುಚ್ಚಳದ ಮೇಲಿನ ಅಂಕಿ

ಬೆಳಿಗ್ಗೆ ಎದ್ದವಳೇ ಅವಳು ಡೈರಿಯಲ್ಲಿ ಬರೆದಳು: 'ನನಗೆ ಗೊತ್ತಿರುವುದು ಬಾಯಿಯ ತನಕ ಬರುತ್ತದೆ, ಹೊರಗೆ ನಾಲ್ಕು ಜನರನ್ನು ಕಂಡು ವಾಪಸ್ಸು ಹೋಗುತ್ತದೆ. ಇವತ್ತೂ ಹಾಗಾದರೆ ಕುರ್ಚಿ ಹೋಯಿತು.'

ಕುರ್ಚಿ ಎಂದರೆ ದೊಡ್ಡಪ್ಪನ ಹಾಸಿಗೆ ಕಾರ್ಖಾನೆಯ ಆಫೀಸಿನ ಕುರ್ಚಿ. ಪದವಿ ಮುಗಿಸಿದ ಮೇಲೆ ಆರು ತಿಂಗಳಿಂದ ಅವಳು ಅದರ ಪಕ್ಕದ ಸ್ಟೂಲಿನಲ್ಲಿ ಕೂತು ಫೋನಿಗೆ ಪಿಸುಗುಟ್ಟುತ್ತಿದ್ದಳು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದೇ ಪಿಸುಮಾತು ಎಂದು.

ಹಿಂದಿನ ದಿನ ದೊಡ್ಡಪ್ಪ ಹೇಳಿದ್ದರು: "ನಾಳೆ ಪಿಕಪ್ಪಿಗೆ ಎಂಜಿನ್ ಆಯಿಲ್ ಬದಲಾಯಿಸ್ಬೇಕು. ಯಾವ ಆಯಿಲ್ ಅಂತ ನೀನೇ ನಿರ್ಧಾರ ಮಾಡು. ಮೂರು ಗಂಟೆಗೆ ಹಾಸ್ಟೆಲ್ಲಿಗೆ ಹಾಸಿಗೆ ಹೋಗ್ಬೇಕು. ಸರಿಯಾಗಿ ಮಾಡಿದ್ರೆ ಕುರ್ಚಿ ನಿಂದು. ಆದ್ರೆ 'ಗೊತ್ತಿಲ್ಲ' ಅನ್ನೋರನ್ನ ನಾನು ಅದರಲ್ಲಿ ಕೂರ್ಸಲ್ಲ. ಅಂಥೋರಿಗಿಂತ ನನ್ನ ಅಳಿಯನೇ ವಾಸಿ."

ಅಳಿಯನಿಗೆ ಏನೂ ಗೊತ್ತಿರಲಿಲ್ಲ. ಆದರೆ ಹಾಗೆಂದು ಆತ ಒಮ್ಮೆಯೂ ಹೇಳಿದವನಲ್ಲ.

"ಗಾಡಿ ಜೊತೆ ಪುಸ್ತಕ ಬಂದಿತ್ತಲ್ವಾ ದೊಡ್ಡಪ್ಪ?"

"ಅದನ್ನ ಇಲಿ ಓದಿ ಮುಗಿಸ್ತು."

ಸಂಜೆ ಯಾರೂ ಇಲ್ಲದಾಗ ಅವಳು ಬಾನೆಟ್ ಎತ್ತಿ ನೋಡಿದ್ದಳು. ಎಣ್ಣೆ ಸುರಿಯುವ ಬಾಯಿಯ ಮುಚ್ಚಳದ ಮೇಲೇ ಕೆತ್ತಿತ್ತು: ಫೈವ್ ಡಬ್ಲ್ಯು ಥರ್ಟಿ. ಅದರ ಅರ್ಥವನ್ನೂ ಓದಿಕೊಂಡಳು. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಹರಿಯುವ ಬಗೆಗೆ, ಎರಡನೆಯದು ಎಂಜಿನ್ ಕಾದಾಗ ಅದು ಎಷ್ಟು ಮಂದವಾಗಿರುತ್ತದೆ ಎನ್ನುವುದಕ್ಕೆ. ಇನ್ನು ಉಳಿದದ್ದು ಬಾಯಿ ಬಿಡುವುದೊಂದೇ.

ಹತ್ತು ಗಂಟೆಗೆ ಮೆಕ್ಯಾನಿಕ್ ಬಂದ. ಕಾರ್ಖಾನೆಯ ಮುಂದೆಯೇ ಹಳೆಯ ಎಣ್ಣೆಯನ್ನು ಕೆಳಗಿಳಿಸಿ, ಆ ಮುಚ್ಚಳವನ್ನೇ ಕೈಯಲ್ಲಿ ಆಡಿಸುತ್ತಾ ಭಾಷಣ ಶುರುಮಾಡಿದ.

"ನೋಡಮ್ಮ, ಎಂಜಿನ್ನಿಗೆ ವಯಸ್ಸಾಯ್ತು. ವಯಸ್ಸಾದೋರಿಗೆ ದಪ್ಪ ಕಂಬಳಿ ಹೊದಿಸಲ್ವಾ? ಹಂಗೇ ದಪ್ಪ ಎಣ್ಣೆ. ಟ್ವೆಂಟಿ ಫಿಫ್ಟಿ ತಗೊಂಬನ್ನಿ."

'ಮುಚ್ಚಳ ನೋಡಿ' ಎನ್ನುವ ಮಾತು ಬಾಯಿಯ ತನಕ ಬಂತು. "ಹ್ಞೂಂ," ಎಂದು ಹೋಗಿ ತಂದಳು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ಗೇಟಿಗೆ ಒರಗಿ ನಿಂತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿದರೂ ಒಂದು ದಿನ ಬಾನೆಟ್ ಎತ್ತಿದವರಲ್ಲ. ಹಾಗಾಗಿ ಅವರ ಜ್ಞಾನಕ್ಕೆ ಮಸಿ ತಗುಲಿರಲಿಲ್ಲ.

"ಅಷ್ಟು ದಪ್ಪ ಎಣ್ಣೆಯಾ? ಇದೇನು ಎಂಜಿನ್ನೋ ಗಾಣವೋ? ಫಿಫ್ಟೀನ್ ಡಬ್ಲ್ಯು ಫಾರ್ಟಿ ತಗೊಂಬಾ ಮಗಳೇ. ಡಬ್ಲ್ಯು ಅಂದ್ರೆ ವೆಯ್ಟು. ಲೋಡ್ ಗಾಡೀಲಿ ವೆಯ್ಟೇ ಮುಖ್ಯ."

ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ ಎಂದು ಅವಳಿಗೆ ಗೊತ್ತಿತ್ತು. "ಹ್ಞೂಂ ತಾತ," ಎಂದು ಅದನ್ನೂ ತಂದಳು.

ಆಮೇಲೆ ಹಾಸಿಗೆಗೆ ಗವಸು ಹೊಲಿಯುವ ದರ್ಜಿ ಎದ್ದು ಬಂದ. ಎರಡು ಡಬ್ಬಿಯಿಂದಲೂ ಒಂದೊಂದು ಹನಿ ತೆಗೆದು, ಹೆಬ್ಬೆರಳಿಗೆ ತೋರುಬೆರಳು ಉಜ್ಜಿ, ಮೂಸಿ, ಮುಖ ಕಿವುಚಿದ.

"ಇಪ್ಪತ್ತು ವರ್ಷದಿಂದ ಮಿಷನ್ನಿಗೆ ಎಣ್ಣೆ ಬಿಡ್ತಿದೀನಿ ತಂಗಿ. ನೀರಿನ ಹಂಗಿರ್ಬೇಕು. ಝೀರೋ ಟ್ವೆಂಟಿ ಅಂತ ಬರುತ್ತೆ, ಹೋಗಿ ತಗೊಂಬಾ."

ಮೂರನೆಯ ಸಲ ಅವಳನ್ನು ಕಂಡ ಅಂಗಡಿಯವರು ಕೇಳಿದರು: "ಎಷ್ಟು ಗಾಡಿ ಇದಾವಮ್ಮ ನಿಮ್ಮವು?"

"ಒಂದು."

"ಅದಕ್ಕೆ ಎಂಜಿನ್ನಾದ್ರೂ ಒಂದೇ ತಾನೆ?"

ಅವಳು ಡಬ್ಬಿ ತೆಗೆದುಕೊಂಡು ನೆಲ ನೋಡುತ್ತಾ ಬಂದಳು. ಮೂವರ ವಾದ ಎರಡೂವರೆಯ ತನಕ ನಡೆಯಿತು. ಕೊನೆಗೆ ಮೆಕ್ಯಾನಿಕ್ಕೇ ದೊಡ್ಡ ಮನಸ್ಸು ಮಾಡಿದ: "ಯಾರಿಗೂ ಬೇಜಾರು ಬೇಡ. ಮೂರನ್ನೂ ಅಷ್ಟಷ್ಟು ಸುರಿದುಬಿಡೋಣ."

ಮೂವರೂ ತಲೆಯಾಡಿಸಿದರು. ಇಂಥ ಮೂವರು ಒಪ್ಪಿಕೊಂಡ ಮೇಲೆ ಎಂಜಿನ್ ಉಳಿಯುವುದುಂಟೇ?

ಆಗಲೇ ದೊಡ್ಡಪ್ಪ ಬಂದರು. ಹಿಂದೆಯೇ ಅಳಿಯ. ಅವನ ಕಂಕುಳಲ್ಲಿ ಒಂದು ಹೊಸ ದಿಂಬು, ಸರಿಯಾಗಿ ಆಫೀಸಿನ ಕುರ್ಚಿಯ ಅಳತೆಗೆ ಹೊಲಿಸಿದ್ದು.

ಮೆಕ್ಯಾನಿಕ್ ಆಲಿಕೆ ಇಟ್ಟು ಡಬ್ಬಿ ಎತ್ತಿದ. ಅವಳು ಕಣ್ಣು ಮುಚ್ಚಿಕೊಂಡಳು.

"ನಿಲ್ಸಿ. ಯಾವ ಆಯಿಲ್ ಅಂತ ಮುಚ್ಚಳದ ಮೇಲೇ ಬರೆದಿದೆ."

ಎಲ್ಲರೂ ಅವಳತ್ತ ತಿರುಗಿದರು. ಗೋಡೆ ಮಾತಾಡಿದ್ದರೂ ಅವರು ಇಷ್ಟು ಬೆರಗಾಗುತ್ತಿರಲಿಲ್ಲ. ಬೆಳಗಿನಿಂದ ಕೈಯಲ್ಲೇ ಇದ್ದ ಮುಚ್ಚಳವನ್ನು ಮೆಕ್ಯಾನಿಕ್ ಆಗ ಮೊದಲ ಸಲ ನೋಡಿದ. ದೊಡ್ಡಪ್ಪನ ಮುಖ ಅರಳಿತು. ಅಳಿಯನ ದಿಂಬು ಮೆಲ್ಲಗೆ ಬೆನ್ನ ಹಿಂದೆ ಹೋಯಿತು.

ಮುಚ್ಚಳವನ್ನು ಬಟ್ಟೆಯಲ್ಲಿ ಒರೆಸಿದ ಮೆಕ್ಯಾನಿಕ್ ನಗತೊಡಗಿದ.

"ಅಯ್ಯೋ, ಇದಾ? ಹೋದ ವರ್ಷ ನಿಮ್ಮ ಮುಚ್ಚಳ ಎಲ್ಲೋ ಬಿದ್ದೋಯ್ತು. ಗುಜರೀಲಿ ಯಾವುದೋ ಪೆಟ್ರೋಲ್ ಕಾರಿಂದು ಸಿಕ್ತು. ತಿರುಗಿಸ್ದೆ, ಕೂತ್ಕೊಳ್ತು. ನಿಮ್ಮದು ಡೀಸೆಲ್ ಗಾಡಿ ಕಣಮ್ಮ."

"ಹಂಗಾದ್ರೆ ನಮ್ಮ ಗಾಡಿಗೆ ಯಾವುದು?" ದೊಡ್ಡಪ್ಪ ಕೇಳಿದರು.

ಮೂವರು ಒಂದೇ ಉಸಿರಿಗೆ ಮೂರು ಅಂಕಿ ಹೇಳಿದರು. "ಎಯ್ಟಿ," ಎಂದ ಅಳಿಯ, ಎಯ್ಟಿ ಎಂಬುದನ್ನು ತಾನೇ ಕಂಡುಹಿಡಿದವನ ಹಾಗೆ. ದೊಡ್ಡಪ್ಪ ಅವನ ಕಡೆ ಮೆಚ್ಚುಗೆಯಿಂದ ನೋಡಿ ಅವಳತ್ತ ತಿರುಗಿದರು.

"ನೀನು ಹೇಳಮ್ಮ, ಓದಿದೋಳು. ಯಾವುದು?"

ಆಫೀಸಿನ ಕಿಟಕಿಯಾಚೆ ಕುರ್ಚಿ ಖಾಲಿ ಕೂತಿತ್ತು. ಯಾವುದಾದರೊಂದು ಅಂಕಿ ಸಾಕಾಗಿತ್ತು. ಬಾಯಿಗೆ ಬಂದದ್ದು ಸಾಕಾಗಿತ್ತು. ದಿಂಬು ಬೆನ್ನ ಹಿಂದಿನಿಂದ ಮತ್ತೆ ಕಂಕುಳಿಗೆ ಬಂತು.

"ನಂಗೆ ಗೊತ್ತಿಲ್ಲ ದೊಡ್ಡಪ್ಪ," ಎಂದಳು ಪಿಸುಮಾತು, ರಸ್ತೆಯ ಆಚೆ ಬದಿಗೂ ಕೇಳಿಸುವಷ್ಟು ಜೋರಾಗಿ. "ಇಲ್ಲಿ ಯಾರಿಗೂ ಗೊತ್ತಿಲ್ಲ."