ಕೆಂಪು ಚೌಕದೊಳಗೆ ಅವ್ವ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಅವ್ವ ಬಾಳೆತೋಟದಲ್ಲಿ ಕೂಲಿ ಮಾಡಿ ಓದಿಸಿದಳು. ಅಷ್ಟು ಓದಿ ನಾನು ಸಂಪಾದಿಸಿದ ಕೆಲಸವೆಂದರೆ ಕಂಡವರನ್ನು ದಿಟ್ಟಿಸಿ ನೋಡುವುದು. ಓದದಿದ್ದರೆ ಇದನ್ನೇ ನಮ್ಮೂರು ಮಲಪನಗುಡಿಯ ಕಟ್ಟೆಯ ಮೇಲೆ ಕೂತು ಪುಕ್ಕಟೆ ಮಾಡುತ್ತಿದ್ದೆ. ಹಂಪಿಯ ಕ್ಯಾಮೆರಾಗಳು ಸರ್ಕಾರದವು, ನೋಡುವ ಗುತ್ತಿಗೆ ಒಂದು ಕಂಪನಿಯದು, ಕಣ್ಣು ಮಾತ್ರ ನನ್ನದು. ಅನುಮಾನ ಪಡುವುದಕ್ಕೂ ನಾನು ಬೇಕಿಲ್ಲ. ಕಂಪನಿಯ ಸಾಫ್ಟ್‌ವೇರ್ ತನಗೆ ಅನುಮಾನ ಬಂದವರ ಸುತ್ತ ಕೆಂಪು ಚೌಕ ಎಳೆಯುತ್ತದೆ. ನಾನು ಬಟನ್ ಒತ್ತಿ ಆ ಚಿತ್ರವನ್ನು ಪೊಲೀಸರಿಗೆ ಕಳಿಸಬೇಕು, ಅಷ್ಟೆ.

ಮೊನ್ನೆ ಬೆಟ್ಟದ ದಾರಿಯ ಪರದೆಯಲ್ಲಿ ಒಬ್ಬ ಹೆಂಗಸಿನ ಸುತ್ತ ಚೌಕ ಬಿತ್ತು. ಅತ್ತಿತ್ತ ನೋಡಿದಳು, ಕಲ್ಲಿನ ಮೇಲೆ ಕಲ್ಲಿಟ್ಟಳು, ಸೆರಗು ಮುಂದಕ್ಕೆಳೆದುಕೊಂಡಳು. ಎಡಗಾಲು ಎಳೆಯುವ ಆ ನಡಿಗೆ ಕಂಡು ಪರದೆಯ ಹತ್ತಿರಕ್ಕೆ ಬಗ್ಗಿದೆ. ನಮ್ಮವ್ವ. ಸ್ವಂತ ಮನೆ ಬೇಕೆನ್ನುವವರು ಅಲ್ಲಿ ಕಲ್ಲು ಜೋಡಿಸಿ ಹರಕೆ ಹೊರುತ್ತಾರೆ. ಮನೆಯವರ ಕಣ್ಣಿಗೆ ಬೀಳದಂತೆ ಇಡಬೇಕು ಅನ್ನುವುದು ಅವ್ವನ ನಂಬಿಕೆ. ಅದಕ್ಕೇ ಆ ಕಳ್ಳನೋಟ.

ಅಷ್ಟರಲ್ಲಿ ಬಳ್ಳಾರಿಯಿಂದ ಸೂಪರ್‌ವೈಸರ್ ಫೋನ್. "ಏನ್ಲೇ, ಕೆಂಪು ಬಿದ್ದು ಎಷ್ಟೊತ್ತಾತು? ಆಕಿ ನಿನ್ನೇನೂ ಬಂದಿದ್ಳು. ಏನೋ ಗುರ್ತು ಇಡಾಕತ್ಯಾಳ. ಕಳ್ಸು."

"ಸರ್, ಅದು ಮನಿ ಹರಕಿರೀ."

"ಸಾಫ್ಟ್‌ವೇರ್‌ನಾಗ ಹರಕಿ ಅಂತ ಎಲ್ಲ್ಯಾರ ಐತೇನು?"

"ಆಕಿ ನಮ್ಮವ್ವ, ಸರ್."

"ಹಂಗಾದ್ರ ನಿನ್ ಹೆಸರೂ ಸೇರಿಸಿ ಕಳ್ಸು. ಇಲ್ಲಾಂದ್ರ ನಾಳಿಂದ ಬರಬ್ಯಾಡ."

ಹೆಸರು ಸೇರಿಸಿದೆ, ಒತ್ತಿದೆ. ಅವ್ವ ಓದಿಸಿದ್ದು ಸಾರ್ಥಕವಾಯಿತು.

ಪರದೆಯಲ್ಲಿ ಮಾತು ಕೇಳಿಸುವುದಿಲ್ಲ. ಒಬ್ಬ ಪೇದೆ ಲಾಠಿ ಹಿಡಿದು ಬೆಟ್ಟ ಹತ್ತಿದ. ಅವ್ವ ಕೈಮುಗಿದು ನಿಂತಳು. ಅವನು ಏನೋ ಕೇಳಿದ, ಇವಳು ಕಲ್ಲು ತೋರಿಸಿದಳು. ಅವನು ಬಗ್ಗಿದ. ಕಲ್ಲು ಕೆಡವುತ್ತಾನೆ, ಅವ್ವನನ್ನು ಎಳೆದೊಯ್ಯುತ್ತಾನೆ ಎಂದು ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅವನು ಬಗ್ಗಿದ್ದು ಬೂಟು ಬಿಚ್ಚುವುದಕ್ಕೆ. ಅತ್ತಿತ್ತ ನೋಡಿ, ಒಳ್ಳೆಯ ಕಲ್ಲೊಂದನ್ನು ಆರಿಸಿ, ಅವ್ವನ ಕಲ್ಲಿನ ಪಕ್ಕದಲ್ಲಿ ತಾನೂ ಇಟ್ಟ. ಕೆಂಪು ಚೌಕ ಅವ್ವನನ್ನು ಬಿಟ್ಟು ಅವನನ್ನು ಹಿಡಿಯಿತು.

ಸೂಪರ್‌ವೈಸರ್‌ಗೆ ಫೋನ್ ಮಾಡಿ, "ಸರ್, ಈಗ ಪೊಲೀಸನ ಮ್ಯಾಲೆ ಕೆಂಪು ಬಿದ್ದೈತ್ರೀ. ಪೊಲೀಸರನ್ನ ಯಾರಿಗೆ ಕಳಿಸ್ಲಿರೀ?" ಅಂದೆ. ಫೋನ್ ಕಟ್ಟಾಯಿತು.

ಸಂಜೆ ನಮ್ಮ ಬಾಡಿಗೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಡೆಯಲಾರದೆ, "ನೀ ಕಲ್ಲಿಟ್ಟಿದ್ದು ಕ್ಯಾಮೆರಾದಾಗ ನೋಡಿದೆ, ಅವ್ವ" ಅಂದೆ. ಅವಳ ಕೈ ನಿಂತಿತು.

"ನೋಡಿಬಿಟ್ಟ್ಯಾ? ಕೆಟ್ಟುಹೋತು ಬಿಡು. ಇನ್ನ ಮೊದಲಿಂದ ಇಡಬೇಕು. ನಿನ್ನ ಡ್ಯೂಟಿ ಇಲ್ಲದ ದಿನ ಯಾವ್ದು, ಹೇಳು."

ಗುತ್ತಿಗೆಯವನಿಗೆ ಅಂಥ ದಿನವಿಲ್ಲ. ಅಂದರೆ, ನನಗೆ ಸ್ವಂತ ಮನೆ ಆಗಬೇಕಾದರೆ ಮೊದಲು ನನ್ನ ಕೆಲಸ ಹೋಗಬೇಕು.