ಮುಖವನ್ನೇ ಡೆವಲಪ್ ಮಾಡಿದೆ!

ನಮ್ಮ ಬೀದಿಯ ಅರ್ಧ ಮುಖಗಳಿಗೆ ನಾನೇ ಎರಡನೆಯ ಬ್ರಹ್ಮ! ಮೊದಲನೆಯವನು ಅವಸರದಲ್ಲಿ ಬಿಟ್ಟುಹೋದ ಗುಂಡಿ, ಗೆರೆ, ಕಲೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಇಸ್ತ್ರಿ ಹೊಡೆದು ಸರಿಪಡಿಸುವವನು ನಾನು. ನನ್ನ ಫೋಟೋ ಸ್ಟುಡಿಯೋಕ್ಕೆ ಅಜ್ಜಿಯರಾಗಿ ಬಂದವರು ಅತ್ತಿಗೆಯರಾಗಿ ಹೊರಡುತ್ತಾರೆ. ಆದರೆ ದೀಪದ ಬುಡದಲ್ಲೇ ಕತ್ತಲೆ ನೋಡಿ, ನನ್ನ ಸ್ವಂತ ಮುಖ ಮಾತ್ರ ಅಗೆದುಬಿಟ್ಟ ರಸ್ತೆಯ ಹಾಗಿತ್ತು.

ಕ್ಯಾಮೆರಾದ ಹಿಂದೆ ಇರುವಷ್ಟು ಕಾಲ ಅದು ಯಾರಿಗೂ ಬೇಕಿರಲಿಲ್ಲ. ಒಂದು ದಿನ ಹೆಂಡತಿ ಶುರು ಮಾಡಿದಳು.

"ರೀ, ಮದುವೆಯಾದಾಗಿಂದ ಎಲ್ಲ ಫೋಟೋದಲ್ಲೂ ನಾನೊಬ್ಳೇ ನಿಂತಿದೀನಿ. ನೋಡಿದೋರು, ಪಾಪ, ಗಂಡ ಇಲ್ವಾ ಅಂತಾರೆ. ಈ ಭಾನುವಾರ ನನ್ನ ಪಕ್ಕ ನಿಂತ್ಕೊಳ್ಳಿ. ಒಂದೇ ಒಂದು ಫೋಟೋ!"

"ಅದಕ್ಕೇನಂತೆ? ನಿನ್ನ ಪಕ್ಕ ಇರೋದು ಗಂಡನೋ ಮದುಮಗನೋ ಅಂತ ಜನ ಬಾಜಿ ಕಟ್ಬೇಕು, ಹಾಗೆ ನಿಲ್ತೀನಿ!"

"ಗಂಡನೇ ಸಾಕು. ಕಣ್ಣು ಮುಚ್ಚದೆ ನಿಂತ್ರೆ ಇನ್ನೂ ಸಾಕು."

ಸಾಕು ಎಂದರೆ ಸಾಕಾಗುವ ಪ್ರಾಣಿಯೇ ನಾನು? ನೆಟ್ಟಗೆ ಔಷಧದ ಅಂಗಡಿಗೆ ನಡೆದೆ. ಅಲ್ಲಿನ ಹುಡುಗಿ ಬೆರಳುದ್ದದ ಬಾಟಲಿಯೊಂದನ್ನು ಮುಂದಿಟ್ಟಳು.

"ಇದು ಪೀಲ್ ಸಾರ್. ತುಂಬಾ ಮೆದು ಆಸಿಡ್ಡು. ಮೇಲಿನ ಸತ್ತ ಚರ್ಮ ಹೋಗಿ ಮುಖ ನುಣ್ಣಗಾಗುತ್ತೆ. ಮೊದ್ಲು ಕಿವಿ ಹಿಂದೆ ಒಂಚೂರು ಹಚ್ಚಿ ನೋಡಿ. ಎರಡು ನಿಮಿಷ ಆದ್ಮೇಲೆ ತೊಳೆದ್ಬಿಡಿ."

ನನಗೆ ಆಸಿಡ್ಡಿನ ಪಾಠವೇ! ರೀಲಿನ ಕಾಲದಲ್ಲಿ ಡಾರ್ಕ್‌ರೂಮಿನೊಳಗೆ ಫೋಟೋ ಡೆವಲಪ್ ಮಾಡುವ ದ್ರಾವಣಗಳ ಜೊತೆ ಸಂಸಾರ ಮಾಡಿದವನು ನಾನು! ಬಚ್ಚಲುಮನೆಯ ಬಾಗಿಲು ಹಾಕಿಕೊಂಡೆ. ಕಿವಿಯನ್ನು ಬಿಟ್ಟು ಉಳಿದೆಲ್ಲ ಕಡೆ ಬಳಿದೆ. ಎರಡು ನಿಮಿಷ ಕಳೆಯಿತು. ಕನ್ನಡಿಯಲ್ಲಿ ಅದೇ ಹಳೆಯ ಆಸಾಮಿ! ಆಗ ನೆನಪಾಯಿತು ನನ್ನ ಗುರುಗಳ ಮಾತು: "ಚಿತ್ರ ಮಂಕಾಗಿದ್ದರೆ ಕಾಗದವನ್ನು ದ್ರಾವಣದಲ್ಲಿ ಇನ್ನಷ್ಟು ಹೊತ್ತು ಬಿಡು." ನನ್ನ ಮುಖವಂತೂ ಹುಟ್ಟಿನಿಂದಲೇ ಮಂಕು. ಬಿಟ್ಟೆ. ಚುರುಗುಟ್ಟತೊಡಗಿತು. ಆಹಾ, ಮೂಡುತ್ತಿದೆ ಎಂದುಕೊಂಡು ಮತ್ತಷ್ಟು ಬಿಟ್ಟೆ. ಕಾಲುಗಳು ತಾವಾಗಿಯೇ ಕುಣಿಯತೊಡಗಿದವು.

"ಒಳಗೇನ್ರೀ ಅದು ಧಡಧಡ?" ಹೆಂಡತಿ ಬಾಗಿಲು ಬಡಿದಳು.

"ಡೆವಲಪ್ ಆಗ್ತಿದೀನಿ ಕಣೇ!"

"ಈ ವಯಸ್ಸಲ್ಲಾ?"

ತೊಳೆದುಕೊಂಡು ಹೊರಬಂದವನನ್ನು ನೋಡಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಫ್ಯಾನಿನ ಕೆಳಗೆ ಓಡಿದೆ, ಫ್ರಿಜ್ಜಿನೊಳಗೆ ತಲೆ ತೂರಿದೆ, ಅಲ್ಲಿಂದ ಕನ್ನಡಿಗೆ, ಕನ್ನಡಿಯಿಂದ ಮತ್ತೆ ಫ್ರಿಜ್ಜಿಗೆ! ಶುಕ್ರವಾರ ಮುಖ ಕೆಂಪು ದೀಪವಾಯಿತು. ಶನಿವಾರ ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ ಏಳತೊಡಗಿತು.

"ಜಾಸ್ತಿ ಹೊತ್ತು ಬಿಟ್ರೆ ಚಿತ್ರ ಕೆಟ್ಟು ಕರ್ರಗಾಗುತ್ತೆ ಅಂತ ಡಾರ್ಕ್‌ರೂಮಲ್ಲಿ ನನಗೆ ಬೈತಿದ್ದೋರು ನೀವೇ ಅಲ್ವಾ?" ಎಂದಳು ಹೆಂಡತಿ, ತಣ್ಣನೆಯ ಬಟ್ಟೆಯನ್ನು ನನ್ನ ಕೆನ್ನೆಗೆ ಒತ್ತುತ್ತಾ. ಗುರುಗಳ ಮಾತಿನ ಉತ್ತರಾರ್ಧ ಅದು! ನಾನು ಅನುಕೂಲಕ್ಕೆ ತಕ್ಕಂತೆ ಮರೆತಿದ್ದೆ.

"ಫೋಟೋ ಮುಂದಿನ ತಿಂಗಳು ಇಟ್ಕೊಳ್ಳೋಣ ಬಿಡೇ..."

ಅವಳ ಕೈ ನಿಂತಿತು. "ಪ್ರತಿ ಸಲವೂ ಇದೇ. ಬೆಳಕಿಲ್ಲ, ಗಿರಾಕಿ ಬಂದ್ರು, ಲೆನ್ಸು ಸರಿಯಿಲ್ಲ. ಈಗ ಮುಖ ಸರಿಯಿಲ್ಲ. ನಾನು ಕೇಳಿದ್ದು ಮುಖಾನಾ? ನಿಮ್ಮನ್ನಲ್ವಾ?"

ಆಸಿಡ್ಡಿಗಿಂತ ಹೆಚ್ಚು ಚುರುಗುಟ್ಟಿತು ಆ ಮಾತು. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಭಾನುವಾರ ನಾದಿನಿ ಕ್ಯಾಮೆರಾ ಹಿಡಿದು ನಿಂತಳು. ಮದುವೆಯಾದ ಮೇಲೆ ಮೊದಲ ಬಾರಿಗೆ ನಾನು ಲೆನ್ಸಿನ ಎದುರು!

"ಭಾವ, ನಗಿ!"

"ನಕ್ಕರೆ ಕೆನ್ನೆ ಬಿರಿಯುತ್ತಮ್ಮಾ! ನೀನು ಮೊದ್ಲು ಲೈಟ್ ಸರಿ ಮಾಡ್ಕೋ, ಆಮೇಲೆ ಆ್ಯಂಗಲ್ಲು..."

ಅಷ್ಟರಲ್ಲಿ ನನ್ನ ಮೂಗಿನ ತುದಿಯಿಂದ ಒಂದು ಚಕ್ಕೆ ತೇಲುತ್ತಾ ತೇಲುತ್ತಾ ಹೆಂಡತಿಯ ಹೆಗಲ ಮೇಲೆ ಇಳಿಯಿತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಎಷ್ಟು ಸಲ "ಸ್ಮೈಲ್" ಎಂದು ಗೋಗರೆದರೂ ತುಟಿ ಬಿಚ್ಚದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು! ಕ್ಲಿಕ್!

ಫೋಟೋ ಕಂಪ್ಯೂಟರಿಗೆ ಬಂದ ಕೂಡಲೇ ನನ್ನ ಕೈ ಮೌಸಿನತ್ತ ಹರಿಯಿತು.

"ಏನ್ರೀ ಮಾಡ್ತಿದೀರಿ?"

"ನನ್ನ ಮುಖ ಸ್ವಲ್ಪ ನುಣುಪು..."

"ಮುಟ್ಟಿದ್ರೆ ನೋಡಿ!"

ಮುಟ್ಟಲಿಲ್ಲ. ಅದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಇಟ್ಟವಳೂ ಅವಳೇ. ನಾನು ನುಣುಪು ಮಾಡಿಟ್ಟ ಹತ್ತಾರು ಸುಂದರಾಂಗರ ನಡುವೆ ಸುಲಿದ ಆಲೂಗಡ್ಡೆಯ ಹಾಗೆ ನಾನು, ಪಕ್ಕದಲ್ಲಿ ನಗುತ್ತಿರುವ ಅವಳು!

ಮಾರನೆಯ ದಿನವೇ ಗಿರಾಕಿಯೊಬ್ಬರು ಆ ಕಿಟಕಿಯ ಮುಂದೆ ನಿಂತು ನಿಂತು ಕೊನೆಗೆ ಒಳಗೆ ಬಂದರು.

"ಆಹಾ, ಎಂಥ ನಗು! ನಮ್ಮನೆಯವರಿಗೂ ಹಾಗೇ ಬೇಕು. ಅದನ್ನ ತೆಗೆದೋರು ಯಾರು ಸ್ವಾಮಿ?"

ನಾನು ಕಾಲರ್ ಸರಿಪಡಿಸಿಕೊಂಡು ಎದೆ ಉಬ್ಬಿಸಿದೆ. "ಈ ಅಂಗಡೀಲಿ ತೆಗೆಯೋದೆಲ್ಲ ನಾನೇ..."

"ಫೋಟೋ ತೆಗೆದಿದ್ದು ನನ್ನ ತಂಗಿ," ಎಂದಳು ಹೆಂಡತಿ ಕೌಂಟರಿನ ಹಿಂದಿನಿಂದ. "ಇವರು ತೆಗೆದಿದ್ದು ಬರೀ ಸಿಪ್ಪೆ!"