ನಮ್ಮ ಮನೆ ನಲ್ಲಿ ಹೆಪ್ಪುಗಟ್ಟಲಿಲ್ಲ

ಚಳಿಗಾಲ ಬಂತೆಂದರೆ ಶ್ರೀನಗರದಲ್ಲಿ ಎಲ್ಲರದೂ ಒಂದೇ ಗೋಳು, ಪೈಪು ಹೆಪ್ಪುಗಟ್ಟಿತು ಅಂತ. ನನ್ನ ಗೋಳು ಬೇರೆ. ನಮ್ಮ ಮನೆಯ ಪೈಪು ಹೆಪ್ಪುಗಟ್ಟಲಿಲ್ಲ. ಇದನ್ನು ನಮ್ಮ ಓಣಿಯಲ್ಲಿ ಹೇಳಿಕೊಂಡರೆ ಕನಿಕರ ಹಾಗಿರಲಿ, ಹೊಡೆಯಲಿಕ್ಕೇ ಬರುತ್ತಾರೆ. ಅದಕ್ಕೇ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ಹೋದ ವರ್ಷ ನಮ್ಮ ಪೈಪು ಒಡೆದು, ನನ್ನ ಹೆಂಡತಿ ಹಾಜರಾ ಚಳಿಗಾಲವಿಡೀ ಹಿಮ ತುಳಿದುಕೊಂಡು ನೀರು ಹೊತ್ತಿದ್ದಳು. (ನಾನೂ ಹೊರುತ್ತಿದ್ದೆ, ಆದರೆ ನನಗೆ ಸೊಂಟ ಇದೆ.) ಹಾಗಾಗಿ ಈ ಸಲ ಚಿಲ್ಲಾಯ್ ಕಲಾನ್, ಅಂದರೆ ಚಳಿಯ ಆ ಘನಘೋರ ನಲವತ್ತು ದಿನ, ಶುರುವಾಗುವ ಮೊದಲೇ ಮಹಾರಾಣಿಯವರು ಆಜ್ಞೆ ಹೊರಡಿಸಿದರು.

"ಈ ಸಲ ನಲ್ಲಿ ನಿಂತಿತೋ, ನಾನಂತೂ ಬಿಂದಿಗೆ ಮುಟ್ಟೋದಿಲ್ಲ. ಸೀದಾ ತಮ್ಮನ ಮನೆಗೆ ಹೋಗಿ ಕೂತ್ಕೋತೀನಿ. ನೀವೂ ಬರ್ಬೇಕು."

"ನಾನ್ಯಾಕೆ?"

"ಇಲ್ಲಿ ನಿಮಗೆ ಬೇಯಿಸಿ ಹಾಕೋರ್ಯಾರು? ಆ ಪೈಪಾ?"

ಅವಳ ತಮ್ಮ ಖುರ್ಷೀದ್ ಕಂಟ್ರಾಕ್ಟರು. ಬೈಪಾಸ್ ಆಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಅದರೊಳಗೊಂದು ಹಮಾಮ್ ಮಾಡಿಸಿದ್ದಾನೆ. ಕಲ್ಲು ಹಾಸಿನ ಕೋಣೆ. ಗೋಡೆಯಲ್ಲಿ ಕೂರಿಸಿದ ತಾಮ್ರದ ಹಂಡೆಯ ಕೆಳಗೆ ಸೌದೆ ಉರಿಸಿದರೆ ನೀರೂ ಕಾಯುತ್ತದೆ, ನೆಲವೂ ಕಾಯುತ್ತದೆ. ಮನುಷ್ಯ ಕೆಟ್ಟವನಲ್ಲ, ಸುಳ್ಳು ಹೇಳಬಾರದು. ಆದರೆ ತಿದ್ದುತ್ತಾನೆ. ನಾನು ಅನ್ನ ಕಲಸಿದರೆ ತಿದ್ದುತ್ತಾನೆ, ಕೆಮ್ಮಿದರೆ ತಿದ್ದುತ್ತಾನೆ. "ಭಾವ, ತಪ್ಪು ತಿಳ್ಕೋಬೇಡಿ" ಎಂದು ಶುರುಮಾಡಿದನೆಂದರೆ ಹಂಡೆಯ ನೀರು ತಣ್ಣಗಾದರೂ ಅವನ ಮಾತು ಆರುವುದಿಲ್ಲ. ಮೊನ್ನೆ ಈದ್‌ಗೆ ಹೋದಾಗ ನಮ್ಮ ರೈನಾವಾರಿ ಪೇಟೆಯಲ್ಲಿ ಅಂಗಿ ಗುಂಡಿ ಹೇಗೆ ಮಾರಬೇಕೆಂದು ನನಗೆ ಪಾಠ ಮಾಡಿದ್ದ. ರೈನಾವಾರಿಯಲ್ಲಿ ಗುಂಡಿ, ನೂಲು ಮಾರಿಕೊಂಡು ನಾನು ಅರ್ಧ ಆಯುಷ್ಯ ಕಳೆದವನು! ಅವನ ಜೊತೆ ನಲವತ್ತು ದಿನವೇ? ಅಯ್ಯೋ ದೇವರೇ.

ಆ ಭಯವೇ ನನ್ನನ್ನು ಇಂಜಿನಿಯರನ್ನಾಗಿ ಮಾಡಿತು. ಪೈಪಿಗೆ ಮೊದಲು ಭತ್ತದ ಹುಲ್ಲಿನ ಹಗ್ಗ ಬಿಗಿಯಾಗಿ ಸುತ್ತಿದೆ. ಅದರ ಮೇಲೆ ಗೋಣಿ, ಗೋಣಿಯ ಮೇಲೆ ಹಳೇ ರಜಾಯಿ, ಅದರ ಮೇಲೆ ಪ್ಲಾಸ್ಟಿಕ್. ಗೋಡೆಯ ತೂತಿಗೆ ಮರದ ಹೊಟ್ಟು ತುರುಕಿದೆ. ಬಾಗು ಇರುವ ಕಡೆ ತಗಡು ಮರೆ ಕಟ್ಟಿ, ಸಂಜೆಯಾದ ಕೂಡಲೇ ಕೆಳಗೆ ಕಾಂಗ್ಡಿ, ಅಂದರೆ ಕೆಂಡದ ಕೈಬುಟ್ಟಿ, ಇಡುತ್ತಿದ್ದೆ. ನಲ್ಲಿಯನ್ನು ಪೂರ್ತಿ ಮುಚ್ಚದೆ, ನೂಲಿನಷ್ಟು ಸಣ್ಣಗೆ ನೀರು ಹರಿಯಲು ಬಿಡುತ್ತಿದ್ದೆ. ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ ನೋಡಿ.

"ಬಾಣಂತನದಲ್ಲಿ ನನಗೊಂದು ಕಂಬಳಿ ಹೊದಿಸಲಿಲ್ಲ ಈ ಮನುಷ್ಯ" ಎಂದು ಹಾಜರಾ ಕಿಟಕಿಯಿಂದ ಓಣಿಗೆಲ್ಲ ಕೇಳುವಂತೆ ಹೇಳಿದಳು.

ಚಳಿ ಬಿತ್ತು. ಎಂಥ ಚಳಿ! ದಾಲ್ ಸರೋವರದ ಅಂಚೇ ಗಾಜಾಗಿಹೋಯಿತು. ಓಣಿಯ ನಲ್ಲಿಗಳು ಒಂದೊಂದಾಗಿ ಉಸಿರು ನಿಲ್ಲಿಸಿದವು. ನಮ್ಮದು ಮಾತ್ರ ಜುಳುಜುಳು ಎನ್ನುತ್ತಿತ್ತು. ಎದುರುಮನೆಯ ಮುಗ್ಲಿ ಅಜ್ಜಿ ಕೊಡ ಹಿಡಿದು ಬಂದು, "ನಿನ್ನ ಕೈ ತಣ್ಣಗಿರ್ಲಪ್ಪಾ... ಛೆ, ಬೆಚ್ಚಗಿರ್ಲಿ!" ಎಂದು ಹರಸಿದಳು. ಹಾಜರಾ ಬಂದವರಿಗೆಲ್ಲ ದೊಡ್ಡ ಜಮೀನ್ದಾರಿಣಿಯ ಠೀವಿಯಲ್ಲಿ ನೀರು ಬಿಟ್ಟಳು. ಅಂದು ನವಿಲುಕೋಸಿನ ಸಾರಿನಲ್ಲಿ ನನ್ನ ಪಾಲಿಗೆ ಮಾಂಸದ ತುಂಡು ಹೆಚ್ಚಾಗಿ ಬಿತ್ತು. "ಪರವಾಗಿಲ್ಲ ರೀ ನೀವು" ಎಂದೂ ಅಂದಳು. ಮದುವೆಯಾದ ಮೇಲೆ ಇದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

ಮರುದಿನ ಮಧ್ಯಾಹ್ನ ಬಾಗಿಲ ಮುಂದೆ ಕಾರು ನಿಂತಿತು. ಖುರ್ಷೀದ್ ಇಳಿದ. ಅವನ ಹೆಂಡತಿ ನಸೀಮಾ ಇಳಿದಳು. ಆಮೇಲೆ ಹಾಸಿಗೆ ಸುರುಳಿಗಳು ಇಳಿಯತೊಡಗಿದವು.

"ಹಮಾಮ್ ಬಿಟ್ಟು ಬಂದೆಯಲ್ಲ?" ಎಂದೆ.

"ಪೈಪು ಕಲ್ಲಾಗಿದೆ ಭಾವ. ಹಂಡೇಲಿ ನೀರಿಲ್ದೆ ಉರಿ ಹಾಕಿದ್ರೆ ತಾಮ್ರ ಸೀಳಿಹೋಗುತ್ತೆ. ಕೋಣೆ ತುಂಬ ಸೌದೆ ಇದೆ, ಚಳೀಲಿ ನಡುಗ್ತಾ ಕೂತಿದ್ವಿ. ನಿಮ್ಮನೇಲಿ ನೀರು ಬರ್ತಿದೆ ಅಂತ ಅಕ್ಕ ಫೋನ್ ಮಾಡಿದ್ಳು."

"ಎಷ್ಟು ದಿನ ಇರ್ತೀರಿ?" ಬಾಯಿ ಜಾರಿತು. ಹಾಜರಾ ನನ್ನನ್ನು ನೋಡಿದ ನೋಟಕ್ಕೆ ಚಿಲ್ಲಾಯ್ ಕಲಾನೇ ವಾಸಿ. "ಅಂದ್ರೆ, ಬೇಗ ಹೋಗ್ಬಾರ್ದು ಅಂತ ಕೇಳ್ದೆ" ಎಂದು ಸೇರಿಸಿದೆ.

"ಛೆ ಛೆ, ಚಿಲ್ಲಾಯ್ ಕಲಾನ್ ಮುಗಿದ ಮೇಲೇ ಹೋಗೋದು" ಎಂದು ಅವನು ನನ್ನ ಮೂಲೆಯಲ್ಲಿ, ನನ್ನ ದಿಂಬಿಗೆ ಒರಗಿದ.

ಮೂರೂ ಹೊತ್ತು ನನ್ನ ತಿದ್ದುಪಡಿ ನಡೆಯಿತು. ಉಪ್ಪಿನ ಚಹಾ ಹೀರುವ ಸದ್ದು ತಪ್ಪು, ಕಾಂಗ್ಡಿಯ ಬೂದಿ ಕೆದಕುವ ಕೈ ತಪ್ಪು. ಅದನ್ನೆಲ್ಲ ನುಂಗಿಕೊಂಡೆ. ಆದರೆ ನೀರಿಗೆ ಬಂದ ಮುಗ್ಲಿ ಅಜ್ಜಿಗೆ ಅವನು, "ಪೈಪು ಹೇಗೆ ಸುತ್ತಬೇಕು ಅಂತ ಭಾವನಿಗೆ ನಾನೇ ಹೇಳ್ಕೊಟ್ಟಿದ್ದು" ಎಂದ ನೋಡಿ, ಅಲ್ಲಿಗೆ ನನ್ನ ರಕ್ತ ಕುದಿಯಿತು.

ನಮ್ಮ ನಲ್ಲಿಯೂ ನಿಂತುಬಿಟ್ಟರೆ? ಇವರು ನಸೀಮಾಳ ತವರಿಗೆ ಹೋಗದೆ ವಿಧಿಯಿಲ್ಲ. ಬಿಂದಿಗೆ ಹೊರಬೇಕಾದರೆ ನಾನೇ ಹೊರುತ್ತೇನೆ, ಸೊಂಟ ಮುರಿದರೆ ಮುರಿಯಲಿ. ಅಂದು ಸಂಜೆ ಯಾರಿಗೂ ಕಾಣದಂತೆ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿದೆ. ಬೆಳಿಗ್ಗೆ ತೆರೆದರೆ ನೀರು ಭೋರ್ಗರೆಯಿತು! ಮರುಸಂಜೆ ಕಾಂಗ್ಡಿಯನ್ನೂ ಇಡಲಿಲ್ಲ. ಆಗಲೂ ಬಂತು. ಎಂಥ ಕೆಲಸ ಮಾಡಿಬಿಟ್ಟಿದ್ದೆ! ನನ್ನ ಕೈಚಳಕದ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು.

ಕೊನೆಗೆ ಹಿತ್ತಲಿಗೆ ಹೋಗಿ ಪೈಪು ಬಾಗಿದ ಕಡೆಯ ಹೊದಿಕೆಗೇ ಕೈ ಹಾಕಿದೆ. ಪ್ಲಾಸ್ಟಿಕ್ ಬಿಚ್ಚಿ, ರಜಾಯಿ ಬಿಚ್ಚಿ, ಗೋಣಿ ಕೈಯಲ್ಲಿ ಹಿಡಿದಿದ್ದೇನೆ, ಹಿಂದಿನಿಂದ ಖುರ್ಷೀದನ ಧ್ವನಿ.

"ಒದ್ದೆಯಾಗಿದೆಯಾ ನೋಡ್ತಿದ್ದೀರಾ ಭಾವ? ಶಹಬ್ಬಾಸ್! ಕೊಡಿ ಇಲ್ಲಿ." ಮುಟ್ಟಿ ನೋಡಿದ. "ಒದ್ದೆ ಮುದ್ದೆ! ಇವತ್ತೇನಾದ್ರೂ ಇದನ್ನೇ ಸುತ್ತಿದ್ರೆ ಕಥೆ ಮುಗೀತಿತ್ತು. ಅಕ್ಕಾ, ದಪ್ಪಗಿರೋದು, ಒಣಗಿರೋದು ಏನಾದ್ರೂ ತಾ!"

ಹಾಜರಾ ತಂದಳು. ನನ್ನ ಫೆರನ್! ಇದೇ ವರ್ಷ ಹೊಲಿಸಿದ, ಮೊಣಕಾಲು ಮುಚ್ಚುವ, ಒಳಗೆ ಕಾಂಗ್ಡಿ ಇಟ್ಟುಕೊಂಡರೆ ಚಳಿಯೇ ತಿಳಿಯದಂಥ ಉಣ್ಣೆಯ ನಿಲುವಂಗಿ.

"ಲೇ, ಅದು ನಂದು ಕಣೇ!"

"ನೀವು ರಜಾಯಿ ಹೊದ್ಕೊಂಡು ಒಳಗಿರ್ರೀ. ಪೈಪಿಗೆ ಅಷ್ಟೊಂದು ಮಾಡಿದೋರು, ಇದೊಂದು ಹೆಚ್ಚಾ?"

ಖುರ್ಷೀದ್ ಫೆರನ್ನಿನ ತೋಳೆರಡನ್ನೂ ಪೈಪಿನ ಕುತ್ತಿಗೆಗೆ ಗಂಟು ಹಾಕಿ, ಬೆನ್ನು ತಟ್ಟಿದ. ನನ್ನದಲ್ಲ, ಪೈಪಿನದು.

ಆಮೇಲೆ ನೀರು ಮೊದಲಿಗಿಂತ ಜೋರಾಗಿಯೇ ಬರುತ್ತಿದೆ. ರಜಾಯಿ ಸುತ್ತಿಕೊಂಡು ಬಾಗಿಲ ಬಳಿ ಕೂತಿದ್ದೆ, ಖುರ್ಷೀದ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. "ನಿಮ್ಮಲ್ಲೂ ನಿಂತುಹೋಯ್ತಾ ಮಾವ? ಸಂಕೋಚ ಯಾಕೆ, ಅತ್ತೇನ ಕರ್ಕೊಂಡು ಎಲ್ಲರೂ ಇಲ್ಲಿಗೇ ಬಂದ್ಬಿಡಿ. ನಮ್ಮ ಭಾವ ಬೇಡ ಅನ್ನೋರೇ ಅಲ್ಲ."

ನಸೀಮಾಳ ತವರು! ನಾನು ಎದ್ದು ನಿಂತೆ. ಹಾಜರಾ ಆಗಲೇ ದೊಡ್ಡ ಪಾತ್ರೆ ಇಳಿಸಿ ಅಕ್ಕಿ ಅಳೆಯುತ್ತಿದ್ದಳು.

"ಹೇಗೂ ಎದ್ರಲ್ಲ" ಎಂದಳು, "ನಲ್ಲಿಯಿಂದ ನಾಲ್ಕು ಬಿಂದಿಗೆ ನೀರು ತುಂಬಿ ತನ್ನಿ."